ಮಳೆಗಾಲದ ಪಸೆ: ಮನೆಯೊಳಗಿನ ತೇವಾಂಶ ಹತೋಟಿಗೆ ತರುವುದು ಹೇಗೆ?

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮಂಜೇಶ್ವರ, ಉಪ್ಪಳ, ಕುಂಬಳೆ, ತಳಂಗರೆ ಎಲ್ಲ ಕಡೆ ಮನೆಗಳ ಕಥೆ ಒಂದೇ. ಕಪಾಟಿನ ಬಟ್ಟೆಗೆ ಮುಗ್ಗಲು ವಾಸನೆ, ಚರ್ಮದ ಚಪ್ಪಲಿಗೆ ಬಿಳಿ ಬೂಸ್ಟು, ಉಪ್ಪಿನ ಡಬ್ಬಿಯಲ್ಲಿ ನೀರು, ಕಿತಾಬುಗಳ ಹಾಳೆ ಮೆತ್ತಗೆ. "ಮಳೆಗಾಲ ಅಲ್ವಾ, ಹಾಗೇ" ಅಂತ ಬಿಟ್ಟುಬಿಡುವವರೇ ಜಾಸ್ತಿ. ಆದರೆ ತೇವ ಮತ್ತು ಬೂಸ್ಟು ಇರುವ ಮನೆಗಳಲ್ಲಿ ಅಸ್ತಮಾ, ಕೆಮ್ಮು, ಉಬ್ಬಸದಂತಹ ಉಸಿರಾಟದ ತೊಂದರೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿ ಹೇಳಿದೆ. ಮಕ್ಕಳಿಗೆ ಪ್ರತಿ ಜುಲೈಯಲ್ಲಿ ಉಬ್ಬಸ ಬರುತ್ತಿದ್ದರೆ ಡಾಕ್ಟರಿಗೆ ತೋರಿಸುವುದರ ಜೊತೆ ಮಲಗುವ ಕೋಣೆಯ ಗೋಡೆಯನ್ನೂ ಒಮ್ಮೆ ನೋಡಬೇಕು.

ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ದಿನಗಳಲ್ಲಿ ಹೊರಗಿನ ಗಾಳಿಯ ತೇವಾಂಶ ಶೇ. 90ರ ಹತ್ತಿರ ಇರುವುದು ಮಾಮೂಲು. ಮನೆಯೊಳಗೆ ಶೇ. 40ರಿಂದ 60 ಇದ್ದರೆ ದೇಹಕ್ಕೆ ಹಿತ. ಅದಕ್ಕಿಂತ ಮೇಲೇರಿ ಅಲ್ಲೇ ನಿಂತರೆ ಬೂಸ್ಟು, ಹಾಸಿಗೆಯ ಧೂಳಿನ ಹುಳ ಎರಡಕ್ಕೂ ಹಬ್ಬ. ಲೆಕ್ಕ ಹೀಗಿದೆ: 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯ ಗಾಳಿಯಲ್ಲಿ, 28 ಡಿಗ್ರಿ ಉಷ್ಣತೆ ಮತ್ತು ಶೇ. 90 ತೇವಾಂಶ ಇದ್ದಾಗ, ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ತೇಲುತ್ತಿರುತ್ತದೆ. ಇದರ ಮೇಲೆ ಅಡುಗೆ, ಬಿಸಿನೀರಿನ ಸ್ನಾನ, ಒಳಗೆ ಹಗ್ಗ ಕಟ್ಟಿ ಹಾಕಿದ ಒದ್ದೆ ಬಟ್ಟೆ. ವಾಷಿಂಗ್ ಮೆಷಿನ್‌ನಿಂದ ತೆಗೆದ ಒಂದು ಲೋಡ್ ಬಟ್ಟೆಯೇ ಒಣಗುವಾಗ ಲೀಟರ್‌ಗಟ್ಟಲೆ ನೀರನ್ನು ಕೋಣೆಗೆ ಬಿಡುತ್ತದೆ. ಹಾಗಾಗಿ ಮಲಗುವ ಕೋಣೆಯಲ್ಲಿ ಬಟ್ಟೆ ಒಣಗಿಸುವುದು ಬೇಡ. ಸಿಟೌಟ್ ಅಥವಾ ತಾರಸಿಯ ಮೇಲೆ ಶೀಟ್ ಹಾಕಿದ ಜಾಗ ಇದ್ದರೆ ಅಲ್ಲಿಗೇ ಹೋಗಲಿ.

ಕಿಟಕಿ ತೆರೆದಿಟ್ಟರೆ ಸಾಕು ಎಂಬ ಮಾತು ಅರ್ಧ ಸರಿ. ಹೊರಗೇ ಶೇ. 90 ಇರುವಾಗ ಆ ಗಾಳಿ ಒಳಗೆ ಬಂದು ಏನನ್ನೂ ಒಣಗಿಸುವುದಿಲ್ಲ. ಅಡುಗೆಮನೆ, ಬಾತ್‌ರೂಮಿನಲ್ಲಿ ಎದ್ದ ಹಬೆಯನ್ನು ಹೊರಹಾಕುತ್ತದೆ, ಅಷ್ಟೇ. ಆದ್ದರಿಂದ ಆ ಎರಡು ಕಡೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಕೆಲಸ ಮುಗಿದ ಮೇಲೂ 15–20 ನಿಮಿಷ ಓಡಬೇಕು. ಉಳಿದ ಕೋಣೆಗಳ ಕಿಟಕಿಯನ್ನು ಮಳೆ ಬಿಟ್ಟ ಹೊತ್ತಿನಲ್ಲಿ, ಬಿಸಿಲು ಕಂಡಾಗ ತೆರೆಯುವುದು ಒಳ್ಳೆಯದು. ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದನ್ನು ಮನೆಯಲ್ಲಿಟ್ಟರೆ ಊಹೆಯ ಅಗತ್ಯ ಬೀಳುವುದಿಲ್ಲ.

ಹಳೆಯ ಹಂಚಿನ ಮನೆಗಳಲ್ಲಿ ಈ ತಾಪತ್ರಯ ಕಡಿಮೆ ಇತ್ತು ಅಂತ ಹಿರಿಯರು ಹೇಳುವುದರಲ್ಲಿ ಹುರುಳಿದೆ. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಸುಣ್ಣದ ಗೋಡೆ ಹೀರಿದ ಪಸೆಯನ್ನು ಬಿಸಿಲು ಬಂದಾಗ ಬಿಡುತ್ತಿತ್ತು, ಒಲೆಯ ಹೊಗೆ ಅಟ್ಟವನ್ನು ಒಣಗಿಸುತ್ತಿತ್ತು. (ಆ ಹೊಗೆ ಉಮ್ಮಂದಿರ ಎದೆಗೂ ಹೋಗುತ್ತಿತ್ತು, ಅದು ಬೇರೆ ವಿಷಯ.) ಈಗಿನ ತಾರಸಿ ಮನೆಯಲ್ಲಿ ಮುರಕಲ್ಲಿನ ಗೋಡೆಗೆ ಸಿಮೆಂಟು ಸಾರಣೆ, ಅದರ ಮೇಲೆ ಪುಟ್ಟಿ, ಪ್ಲಾಸ್ಟಿಕ್ ಪೈಂಟ್. ಮುರಕಲ್ಲು ನೀರು ಹೀರುವ ಕಲ್ಲು. ಒಳಗೆ ಸೇರಿದ ನೀರಿಗೆ ಹೊರಬರಲು ದಾರಿ ಇಲ್ಲದಾಗ ಪೈಂಟ್ ಗುಳ್ಳೆ ಎದ್ದು ಉದುರುತ್ತದೆ.

ಗೋಡೆಯ ಪಸೆ ಎಲ್ಲಿಂದ ಬಂತೆಂದು ತಿಳಿಯದೆ ದುಡ್ಡು ಸುರಿಯಬಾರದು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒದ್ದೆ ಜಾಗಕ್ಕೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ, ನೀರು ಕಂಡರೆ ಪಸೆ ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆ ನೀರು ಕಂಡರೆ ಗಾಳಿಯ ತೇವಾಂಶವೇ ಕಾರಣ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಮಾತ್ರ ಒದ್ದೆ, ಜೊತೆಗೆ ಬಿಳಿ ಉಪ್ಪಿನ ಪುಡಿ ಇದ್ದರೆ ಅದು ಪಂಚಾಂಗದಿಂದ ಏರಿದ ನೀರು. ಅಲ್ಲಿ ಯಾವ ದುಬಾರಿ ಪೈಂಟೂ ನಿಲ್ಲುವುದಿಲ್ಲ. ಮೊದಲು ಅಂಗಳದ ನೀರು ಗೋಡೆಯಿಂದ ದೂರ ಹರಿಯುವಂತೆ ಮಾಡಬೇಕು.

ಎಸಿಯ ವಿಷಯದಲ್ಲೂ ತಪ್ಪು ತಿಳಿವಳಿಕೆ ಇದೆ. ಎಸಿ ಗಾಳಿಯ ನೀರನ್ನು ತೆಗೆಯುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ಇಲ್ಲಿನ ಗಾಳಿ 24 ಡಿಗ್ರಿಯ ಆಸುಪಾಸಿಗೆ ತಣಿದರೆ ನೀರು ಬಿಡಲು ಶುರುಮಾಡುತ್ತದೆ. ರಾತ್ರಿಯಿಡೀ 18ಕ್ಕೆ ಇಟ್ಟು ಬೆಳಿಗ್ಗೆ ಬಾಗಿಲು ತೆರೆದರೆ ಹೊರಗಿನ ಗಾಳಿ ತಣ್ಣನೆಯ ಗೋಡೆ, ಕಪಾಟು, ಕನ್ನಡಿಗೆ ತಾಗಿ ಬೆವರುತ್ತದೆ. 25–26ಕ್ಕೆ ಇಟ್ಟರೆ ಅಥವಾ ಡ್ರೈ ಮೋಡ್ ಬಳಸಿದರೆ ಸಾಕು. ಡಿಹ್ಯೂಮಿಡಿಫೈಯರ್ ಕೊಳ್ಳುವವರು ಕರೆಂಟ್ ಲೆಕ್ಕ ಹಾಕಿಕೊಳ್ಳಲಿ. 300 ವಾಟ್‌ನ ಯಂತ್ರ ದಿನಕ್ಕೆ 8 ಗಂಟೆ ಓಡಿದರೆ 2.4 ಯೂನಿಟ್, ಎರಡು ತಿಂಗಳ ಬಿಲ್ಲಿನಲ್ಲಿ 144 ಯೂನಿಟ್. ಬಳಕೆ ಏರಿದಂತೆ ಯೂನಿಟ್ ದರವೂ ಏರುತ್ತದೆ. ಬಾಗಿಲು ಮುಚ್ಚಿದ ಒಂದು ಕೋಣೆಗೆ ಇದು ಉಪಯುಕ್ತ. ಕಿಟಕಿ ತೆರೆದಿಟ್ಟು ಓಡಿಸಿದರೆ ದುಡ್ಡು ದಂಡ.

ಬೂಸ್ಟು ಕಂಡರೆ ಅದರ ಮೇಲೆ ಪೈಂಟ್ ಹೊಡೆಯಬೇಡಿ, ಮತ್ತೆ ಬರುತ್ತದೆ. ಮಾಸ್ಕ್, ಗ್ಲೌಸ್ ಹಾಕಿ ಸಾಬೂನು ನೀರಲ್ಲಿ ಉಜ್ಜಿ ಪೂರ್ತಿ ಒಣಗಿಸಬೇಕು. ಬ್ಲೀಚಿಂಗ್ ಬಳಸುವುದಾದರೆ ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಲೇಬಾರದು, ವಿಷಾನಿಲ ಬರುತ್ತದೆ. ಕಪಾಟು, ಸೋಫಾ ಗೋಡೆಗೆ ಅಂಟದೆ ಮೂರು ಇಂಚು ದೂರ ಇರಲಿ. ಅಂಗಡಿಯವರು ಅಕ್ಕಿ ಚೀಲವನ್ನು ನೆಲಕ್ಕಿಡದೆ ಹಲಗೆಯ ಮೇಲಿಡುವುದೂ ಇದೇ ಕಾರಣಕ್ಕೆ.

ಹೆಚ್ಚು ಹಾಳಾಗುವುದು ಗಲ್ಫ್‌ನಲ್ಲಿರುವವರ ಬೀಗ ಹಾಕಿದ ಮನೆಗಳು. ವರ್ಷಗಳ ದುಡಿಮೆಯ ಮನೆ ಹತ್ತು ತಿಂಗಳು ಗಾಳಿ ಕಾಣದೆ ಕೂತಿರುತ್ತದೆ. ಮಕ್ಕಳ ಶಾಲಾ ರಜೆ ನೋಡಿಕೊಂಡು ಕುಟುಂಬ ಬರುವುದು ಜುಲೈ-ಆಗಸ್ಟ್‌ನಲ್ಲಿ, ಅಂದರೆ ನಡುಮಳೆಗೆ. ಬಂದ ಗಡಿಬಿಡಿಯಲ್ಲೇ ಒದ್ದೆ ಗೋಡೆಗೆ ಪೈಂಟ್ ಹೊಡೆಸುತ್ತಾರೆ, ಮುಂದಿನ ರಜೆಗೆ ಬರುವಾಗ ಅದು ಉದುರಿರುತ್ತದೆ. ಪೈಂಟ್ ಕೆಲಸವನ್ನು ಊರಿನ ನಂಬಿಕಸ್ಥರಿಗೆ ಒಪ್ಪಿಸಿ ಜನವರಿಯಿಂದ ಏಪ್ರಿಲ್ ಒಳಗೆ ಮಾಡಿಸುವುದೇ ಲಾಭ. ಹೊರಡುವಾಗ ಕಪಾಟಿನ ಬಾಗಿಲು ಅರ್ಧ ತೆರೆದು, ಹಾಸಿಗೆಯನ್ನು ಎತ್ತಿ ನಿಲ್ಲಿಸಿ, ಫ್ರಿಡ್ಜ್ ಒರಸಿ ಬಾಗಿಲು ತೆರೆದಿಟ್ಟು ಹೋಗಬೇಕು. ಬಲೆ ಹಾಕಿದ ವೆಂಟಿಲೇಟರ್ ಮುಚ್ಚಬಾರದು. ಜಾಗದ ದಾಖಲೆ, ಸರ್ಟಿಫಿಕೇಟ್‌ಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಬಹುದು. ಕಪಾಟಿನಲ್ಲಿಡುವ ತೇವ ಹೀರುವ ಡಬ್ಬಿಗಳು ನೀರು ತುಂಬಿದ ಮೇಲೆ ಖಾಲಿ ಮಾಡಲು ಜನ ಬೇಕು, ಬೀಗ ಹಾಕಿದ ಮನೆಗೆ ಅವು ಆಗಿಬರುವುದಿಲ್ಲ. ಕೀ ಕೊಟ್ಟ ಸಂಬಂಧಿಕರಿಗೆ ಬರೀ "ನೋಡ್ಕೊಳ್ಳಿ" ಅಂದರೆ ಸಾಲದು. ಮಳೆ ಇಲ್ಲದ ದಿನ ಬೆಳಿಗ್ಗೆ 11ರಿಂದ 3ರವರೆಗೆ ಎದುರುಬದುರು ಕಿಟಕಿ ತೆರೆದು ಫ್ಯಾನ್ ಹಾಕಿ, ತಾರಸಿಯ ನೀರು ಹೋಗುವ ಪೈಪಿನಲ್ಲಿ ಎಲೆ ಕಟ್ಟಿದೆಯಾ ನೋಡಿ ಅಂತ ಹೇಳಿ ಹೋಗಬೇಕು.