ಬಾರದ ಆಳು

ನಿನ್ನೆಯವರೆಗೆ ದುಡಿಯುತ್ತಿದ್ದ ಆಳು ಇಂದು ಬರಲಿಲ್ಲ, ಹೇಳಿಕಳುಹಿಸಲೂ ಇಲ್ಲ. ಮನೆಗೆಲಸದಿಂದ ಹಿಡಿದು ದೊಡ್ಡ ಗಿರಣಿಯವರೆಗೆ ಯಜಮಾನನಾದವನಿಗೆಲ್ಲ ಈ ಪೇಚು ಪರಿಚಿತವೇ. ತಾನಾಗಿ ಬಿಟ್ಟುಹೋದನೆಂದು ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕುವುದೋ, ಏಕೆ ಬರಲಿಲ್ಲವೆಂದು ವಿಚಾರಿಸುವುದೋ? ಈ ಸಣ್ಣ ಪ್ರಶ್ನೆಗೆ ನಮ್ಮ ದೇಶದಲ್ಲಿ ದೀರ್ಘವಾದ ಚರಿತ್ರೆಯೇ ಇದೆ.

ಕೂಲಿ ಪಡೆದೂ ಕೆಲಸ ಮಾಡದ ಭೃತ್ಯನಿಗೆ ಕೌಟಿಲ್ಯನ ಅರ್ಥಶಾಸ್ತ್ರ 12 ಪಣ ದಂಡ ವಿಧಿಸುತ್ತದೆ. ಕೆಲಸ ಮುಗಿಯುವವರೆಗೆ ಅವನನ್ನು ತಡೆದಿಡಲೂ ಹೇಳುತ್ತದೆ. ಆದರೆ ಒಡನೆಯೇ ವಿನಾಯಿತಿಯನ್ನೂ ಸೇರಿಸುತ್ತದೆ: ಅವನು ಅಶಕ್ತನೋ, ಕೆಲಸವೇ ಹೀನವಾದದ್ದೋ, ರೋಗವೋ ವಿಪತ್ತೋ ಬಂದೊದಗಿತೋ, ಆಗ ಒಪ್ಪಂದದಿಂದ ಬಿಡುಗಡೆ ಪಡೆಯಬಹುದು, ಇಲ್ಲವೆ ಬೇರೊಬ್ಬನಿಂದ ಮಾಡಿಸಬಹುದು. ಮನುಸ್ಮೃತಿಯಲ್ಲಿ ಸೊಕ್ಕಿನಿಂದ ಕೆಲಸ ಬಿಟ್ಟವನಿಗೆ 8 ಕೃಷ್ಣಲ ದಂಡ, ಕೂಲಿಯೂ ನಷ್ಟ. ಕಾಯಿಲೆ ಬಿದ್ದವನು ಗುಣವಾದಮೇಲೆ ಮಾತಿನಂತೆ ಕೆಲಸ ಮುಗಿಸಿದರೆ, ಎಷ್ಟು ಕಾಲ ಕಳೆದಿದ್ದರೂ ಅವನ ಕೂಲಿ ಅವನಿಗೆ ಸಲ್ಲಬೇಕು. ದುಡಿಯುವ ವರ್ಗದ ವಿಷಯದಲ್ಲಿ ಮನುವಿನ ಕಾಠಿಣ್ಯವನ್ನು ಬಲ್ಲವರಿಗೆ ಈ ಮಾತು ಆಶ್ಚರ್ಯವನ್ನೇ ತಂದೀತು.

1859ರಲ್ಲಿ ಬ್ರಿಟಿಷ್ ಸರ್ಕಾರ ಮಾಡಿದ 13ನೆಯ ಕಾಯಿದೆಯ ದಾರಿ ಬೇರೆ. ಮುಂಗಡ ಪಡೆದ ಕಸಬುದಾರರು ಕೆಲಸ ಬಿಟ್ಟುಹೋಗುತ್ತಾರೆಂದು ಕಲ್ಕತ್ತೆಯ ವರ್ತಕರು ದೂರಿಕೊಂಡದ್ದು ಇದರ ಹುಟ್ಟಿಗೆ ಕಾರಣ. ಮುಂಗಡ ಪಡೆದ ಕೆಲಸಗಾರ ಸಕಾರಣವಿಲ್ಲದೆ ಬಾರದೆ ಹೋದರೆ ಯಜಮಾನ ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಡಬಹುದಿತ್ತು. ಹಣ ಹಿಂದಿರುಗಿಸು, ಇಲ್ಲವೆ ಕೆಲಸ ಮಾಡು ಎಂದು ಆಜ್ಞೆಯಾಗುತ್ತಿತ್ತು. ಮೀರಿದರೆ 3 ತಿಂಗಳವರೆಗೆ ಕಠಿಣ ಸಜೆ.

ಪಟ್ಟಣದ ಕುಶಲಕರ್ಮಿಗಳಿಗಾಗಿ ಹುಟ್ಟಿದ ಈ ಕಾಯಿದೆ ಬೇಗನೆ ಬೆಟ್ಟ ಹತ್ತಿತು. ಕೊಡಗು, ವೈನಾಡು, ನೀಲಗಿರಿಗಳ ತೋಟದ ದೊರೆಗಳು ಇದನ್ನು ಬಲವಾಗಿ ನೆಚ್ಚಿದರು. ದೊರೆ ಮೇಸ್ತ್ರಿಗೆ ಹಣ ಕೊಡುವನು. ಮೇಸ್ತ್ರಿ ಬಯಲುಸೀಮೆಯಲ್ಲೋ ಕರಾವಳಿಯಲ್ಲೋ ಬಡ ಸಂಸಾರಗಳಿಗೆ ಮುಂಗಡ ಹಂಚಿ ಆಳುಗಳನ್ನು ಘಟ್ಟ ಹತ್ತಿಸುವನು. ಮುಂಗಡ ಮದುವೆಗೋ ಹಳೆಯ ಸಾಲಕ್ಕೋ ಕರಗಿಹೋಗಿರುತ್ತಿತ್ತು. ಮೇಲೆ ಮಳೆ, ಚಳಿಜ್ವರ. ಹಾಗಿರುವಾಗ ಒಂದು ರಾತ್ರಿ ಗಂಟುಮೂಟೆ ಕಟ್ಟಿಕೊಂಡು ಊರ ದಾರಿ ಹಿಡಿದವನು ಮೋಸಗಾರನೋ, ಜೀವ ಉಳಿಸಿಕೊಂಡವನೋ? ‘ಸಕಾರಣ’ವೆಂಬ ಮಾತು ಕಾಯಿದೆಯಲ್ಲಿತ್ತು, ನಿಜ. ಆದರೆ ಓದುಬರಹ ಅರಿಯದ ಕೂಲಿಯು ಮ್ಯಾಜಿಸ್ಟ್ರೇಟರ ಮುಂದೆ ದೊರೆಯ ಲೆಕ್ಕದ ಪುಸ್ತಕಕ್ಕೆ ಎದುರಾಗಿ ತನ್ನ ಕಾರಣವನ್ನು ಸಾಧಿಸಬೇಕಾಗಿತ್ತು. ಕೂಲಿ ಕೊಡದ ದೊರೆಗೆ ಈ ಕಾಯಿದೆಯಲ್ಲಿ ಸೆರೆಮನೆ ಇರಲಿಲ್ಲವೆಂಬುದನ್ನೂ ಓದುಗರು ಗಮನಿಸಬೇಕು. ಇಂಗ್ಲೆಂಡು ತನ್ನ ಕೆಲಸಗಾರರಿಗೆ ಇಂಥ ಸೆರೆವಾಸವನ್ನು 1875ರಲ್ಲೇ ತೆಗೆದುಹಾಕಿತು. ಇಲ್ಲಿ ಅದರ ರದ್ದಿಗೆ 1925ರ ಶಾಸನ ಬರಬೇಕಾಯಿತು. ದಂಡಸಂಹಿತೆಯ 492ನೆಯ ಕಲಮೂ ಅದರೊಡನೆ ಹೋಯಿತು. ಯಜಮಾನನ ಖರ್ಚಿನಲ್ಲಿ ದೂರದೂರಿಗೆ ಬಂದು ಕೆಲಸ ಬಿಟ್ಟವನಿಗೆ ಶಿಕ್ಷೆ ಹೇಳುತ್ತಿದ್ದ ಕಲಮು ಅದು.

ಸೆರೆ ಹೋಯಿತು, ಹೆಸರು ಹೊಡೆದುಹಾಕುವ ಪದ್ಧತಿ ಉಳಿಯಿತು. 1946ರ ಕಾಯಿದೆಯಡಿ ಬಂದ ಮಾದರಿ ನಿಯಮಗಳ ಪ್ರಕಾರ, ರಜೆ ಮುಗಿದು 8 ದಿನಗಳೊಳಗೆ ಬಂದು ಸಮಾಧಾನ ಹೇಳದ ಕೆಲಸಗಾರ ತನ್ನ ಹುದ್ದೆಯ ಹಕ್ಕನ್ನು ಕಳೆದುಕೊಳ್ಳುತ್ತಿದ್ದ. ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಯ ನಿಯಮವೂ 8 ದಿನಗಳದ್ದೇ. ರಜೆಯ ಮೇಲೆ ಊರಿಗೆ ಹೋದ ಅಲ್ಲಿನ ಕೆಲಸಗಾರನೊಬ್ಬ ಅವಧಿ ಮೀರಿ, ಕಾಯಿಲೆಯಾಗಿತ್ತೆಂದು ವೈದ್ಯರ ಚೀಟಿಯೊಡನೆ ಬಂದ, ಗಿರಣಿ ಒಪ್ಪಲಿಲ್ಲ. 1960ರ ದಶಕದ ಮೊದಲಲ್ಲಿ ಸುಪ್ರೀಂ ಕೋರ್ಟು ಗಿರಣಿಯ ಪರವಾಗಿ ತೀರ್ಮಾನಿಸಿತು. ಕೆಲಸ ಬಿಡುವುದು ಮನಸ್ಸಿನ ಉದ್ದೇಶಕ್ಕೆ ಸೇರಿದ್ದು, ಅದನ್ನು ಸುಲಭವಾಗಿ ಊಹಿಸಬಾರದು ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೂ ನಿಯಮ ನಿಯಮವೇ ಎಂದಿತು. ಕೌಟಿಲ್ಯನಿದ್ದಿದ್ದರೆ ರೋಗದ ಮಾತನ್ನು ಇನ್ನಷ್ಟು ಕೇಳುತ್ತಿದ್ದನೇನೋ!

1993ರಲ್ಲಿ ಅದೇ ನ್ಯಾಯಾಲಯದ ಮುಂದೆ ಮತ್ತೊಬ್ಬ ಕೆಲಸಗಾರನ ದಾವೆ ಬಂತು. 1980ರ ಡಿಸೆಂಬರ್ 3ರಿಂದ 8 ದಿನಗಳಿಗಿಂತ ಹೆಚ್ಚು ಕಾಲ ಇವನು ಬಂದಿಲ್ಲ, ಆದುದರಿಂದ ಕೆಲಸ ತಾನಾಗಿ ಹೋಯಿತು ಎಂದು ಕಾರ್ಖಾನೆಯವರ ವಾದ. ದಿನವೂ ಬಂದೆ, ಬಾಗಿಲಲ್ಲೇ ತಡೆದರು ಎಂದು ಅವನ ವಾದ. ವಿಚಾರಣೆಯನ್ನಂತೂ ಯಾರೂ ನಡೆಸಿರಲಿಲ್ಲ. ನಿಯಮದಲ್ಲಿ ಏನೇ ಬರೆದಿರಲಿ, ಕೆಲಸಗಾರನ ಮಾತು ಕೇಳದೆ ಅವನ ಜೀವನೋಪಾಯವನ್ನು ಕಳೆಯುವುದು ಅನ್ಯಾಯವೆಂದು ನ್ಯಾಯಾಲಯ ಹೇಳಿತು. ಹನ್ನೆರಡು ವರ್ಷಗಳು ಕಳೆದಮೇಲೆ, ಅರ್ಧ ಬಾಕಿ ಸಂಬಳದೊಡನೆ, ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುವಂತೆ ಆಜ್ಞೆಯಾಯಿತು.