ಭಟ್ಟಿಯ ಬೆಂಕಿ ಆರದಂತೆ: ಕಾಗಿಣಾ ನದಿ ತೀರದ ಸುಣ್ಣ ಮತ್ತು ಸಿಮೆಂಟ್

ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್ ಊರುಗಳನ್ನೊಳಗೊಂಡ ಕಲಬುರಗಿ ಜಿಲ್ಲೆಯ ಭಾಗವು ಕಲ್ಲಿನ ಸೀಮೆಯೆಂದು ಹೆಸರಾಗಿದ್ದರೂ, ಆ ಕಲ್ಲು ಸುಣ್ಣವಾಗಿ ಸಿಮೆಂಟಾಗಿ ದೇಶಕ್ಕೆಲ್ಲ ಹೋದದ್ದು ಬೆಂಕಿಯ ಮೂಲಕ. ಆದ್ದರಿಂದ ಇಲ್ಲಿಯ ಚರಿತ್ರೆಯನ್ನು ಕಲ್ಲು ಒಡೆದವರ ಕಡೆಯಿಂದ ಬರೆಯುವಷ್ಟೇ ಮುತುವರ್ಜಿಯಿಂದ ಬೆಂಕಿ ಹೊತ್ತಿಸಿ ಕಾಯ್ದವರ ಕಡೆಯಿಂದಲೂ ಬರೆಯಬೇಕಾಗುತ್ತದೆ. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಕರೆಯುವ ಇಲ್ಲಿನ ಕಲ್ಲು ಪುರಾತನ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತು ಗಟ್ಟಿಯಾದದ್ದಾಗಿದ್ದು, ಅದರ ಸುಣ್ಣಕಲ್ಲಿನ ಪದರಕ್ಕೆ ಶಹಾಬಾದ್ ಊರಿನ ಹೆಸರೇ ನಿಂತಿದೆ. ಖಣಿಯಿಂದ ಹಲಗೆ ಹಲಗೆಯಾಗಿ ಏಳುವ ಈ ಕಲ್ಲನ್ನು ಪರಸಿಯೆಂದು ನೆಲಕ್ಕೂ ಮಾಳಿಗೆಗೂ ಹಾಸುವುದು ಇಡೀ ಉತ್ತರ ಕರ್ನಾಟಕಕ್ಕೆ ಗೊತ್ತಿರುವ ಸಂಗತಿ; ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪಫಲಕವೂ ಸುಣ್ಣಕಲ್ಲಿನದೇ ಆಗಿದೆ.

ಹಲಗೆಯಾಗಿ ಏಳದ ಕಲ್ಲು ಮತ್ತು ಖಣಿಯ ಬಾಯಲ್ಲಿ ರಾಶಿ ಬೀಳುವ ಚೂರು ಸುಣ್ಣದ ಭಟ್ಟಿಗೆ ಒದಗುವಂಥವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ, ಈಗಿನ ಸೇಡಂ ತಾಲ್ಲೂಕಿನ ಮಳಖೇಡದಿಂದ ಹಿಡಿದು 1347ರಲ್ಲಿ ಆರಂಭವಾದ ಬಹಮನಿ ಆಳ್ವಿಕೆಯ ಕಲಬುರಗಿಯವರೆಗೆ ಕೋಟೆ, ಗುಮ್ಮಟ, ಬಾವಿಗಳನ್ನು ಎಬ್ಬಿಸಿದ ಕಾಲಗಳಲ್ಲಿ ಗಾರೆಯ ಬೇಡಿಕೆ ಎಷ್ಟಿದ್ದಿರಬೇಕೆಂಬುದನ್ನು ಕಲಬುರಗಿ ಕೋಟೆಯೊಳಗಿನ, 1367ರ ಜಾಮಿ ಮಸೀದಿಯ ಗುಮ್ಮಟಗಳೇ ತಿಳಿಸುತ್ತವೆ. ಅರಸರ ಕಟ್ಟಡಗಳಿಗಿಂತ ಹೆಚ್ಚು ಕಾಲ ಈ ಕಸುಬನ್ನು ಸಾಕಿದ್ದು ಮನೆಯ ಗೋಡೆಗೆ ಬಳಿಯುವ ಸುಣ್ಣ ಮತ್ತು ಎಲೆಯಡಿಕೆಯ ಸುಣ್ಣ. ಅದನ್ನು ಸುಟ್ಟು ಮಾರುತ್ತಿದ್ದವರಿಗೆ ಉತ್ತರ ಕರ್ನಾಟಕದಲ್ಲಿ ಸುಣಗಾರರೆಂಬ ಹೆಸರಿದೆ.

ಸುಣ್ಣದ ಭಟ್ಟಿಯ ಕೆಲಸ ನೋಡಲು ಸುಲಭವೆನಿಸಿದರೂ ಅದರ ಕಷ್ಟವೆಲ್ಲ ಬೆಂಕಿಯನ್ನು ಹೊತ್ತಿಸುವುದರಲ್ಲಿ ಮತ್ತು ನಡುವೆ ಆರದಂತೆ ನೋಡಿಕೊಳ್ಳುವುದರಲ್ಲಿದೆ. ಸುಣ್ಣಕಲ್ಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಟ್ಟಸುಣ್ಣವಾಗುತ್ತದೆ. ಶುದ್ಧ ಕಲ್ಲಾದರೆ ನೂರು ಕಿಲೋದಲ್ಲಿ ಸುಮಾರು 44 ಕಿಲೋ ಅನಿಲವಾಗಿಯೇ ಹಾರಿಹೋಗುತ್ತದೆ. ಭಟ್ಟಿಯ ತಳದಲ್ಲಿ ಒಣ ಕಟ್ಟಿಗೆ, ಅದರ ಮೇಲೆ ಕಲ್ಲು, ಮತ್ತೆ ಸೌದೆ ಅಥವಾ ಇದ್ದಿಲು, ಮತ್ತೆ ಕಲ್ಲು ಎಂದು ಪದರ ಕಟ್ಟುವಾಗ ಕಲ್ಲಿನ ಗಾತ್ರವನ್ನು ನೋಡಿ ಆರಿಸಬೇಕಾಗುತ್ತದೆ; ಚೂರು ಹೆಚ್ಚಾದರೆ ಸಂದುಗಳು ಮುಚ್ಚಿ ಗಾಳಿಯ ಸೆಳೆತ ನಿಲ್ಲುತ್ತದೆ, ದಪ್ಪ ಕಲ್ಲು ಬಿದ್ದರೆ ಹೊರಗೆ ಬೆಂದು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ತಳದ ಕಂಡಿಯಲ್ಲಿ ಇಟ್ಟ ಕಿಡಿ ಮೊದಲ ಪದರವನ್ನು ಹಿಡಿಯುವ ಮುನ್ನವೇ ಸತ್ತರೆ ಕಾರಣ ಸಾಮಾನ್ಯವಾಗಿ ಹಸಿ ಕಟ್ಟಿಗೆಯೋ, ಕಂಡಿಯಲ್ಲಿ ಕೂತ ಬೂದಿಯೋ, ಎದುರು ಗಾಳಿಯೋ ಆಗಿರುತ್ತದೆ, ಮತ್ತು ಆ ಹಂತದಲ್ಲಿ ಅದನ್ನು ಸರಿಪಡಿಸಲು ಬರುತ್ತದೆ. ಆದರೆ ಅರ್ಧ ಸುಟ್ಟ ಮೇಲೆ ಮಳೆ ಸುರಿದೋ ಸೆಳೆತ ಕಟ್ಟಿಯೋ ಬೆಂಕಿ ನಿಂತರೆ ಇಡೀ ಭಟ್ಟಿಯನ್ನು ಬಿಚ್ಚಿ, ಬೆಂದದ್ದನ್ನೂ ಬೇಯದ್ದನ್ನೂ ಬೇರೆ ಮಾಡಿ, ಮೊದಲಿನಿಂದ ಕಟ್ಟಬೇಕಾಗುತ್ತದೆ. ಆ ನಷ್ಟ ಸುಟ್ಟವನ ಮೈಮೇಲೆಯೇ ಬರುವಂಥದ್ದು. ಆದ್ದರಿಂದಲೇ ಗಾಳಿ ಹೆಚ್ಚಾದ ಕಡೆಯ ಕಂಡಿಗೆ ಕಲ್ಲು ಅಡ್ಡ ಇಟ್ಟು ಮಣ್ಣು ಮೆತ್ತುವುದು, ಮೊದಲು ಏಳುವ ತೇವದ ಬಿಳಿ ಹೊಗೆ ತೆಳುವಾಗುವುದನ್ನು ಗಮನಿಸುವುದು, ಮೇಲಿನ ರಾಶಿ ಕುಸಿದಂತೆ ಬೆಂಕಿ ಎಲ್ಲಿಗೆ ಏರಿದೆಯೆಂದು ಅಂದಾಜಿಸುವುದು ಈ ಕಸುಬಿನ ನಿಜವಾದ ವಿದ್ಯೆಯಾಗಿತ್ತು. ಇದರ ಜತೆಗೆ ಕಣ್ಣಿಗೆ ಕಾಣದ ಒಂದು ಅಪಾಯವೂ ಇತ್ತು: ಗಾಳಿ ಸಾಲದೆ ಉರಿಯುವ ಭಟ್ಟಿಯಿಂದ ಹೊಮ್ಮುವ ಇಂಗಾಲದ ಮಾನಾಕ್ಸೈಡ್, ಅಂದರೆ ವಾಸನೆಯಿಲ್ಲದ ವಿಷಾನಿಲ, ಚಳಿಗಾಲದ ರಾತ್ರಿ ಬೆಚ್ಚಗಿರುತ್ತದೆಂದು ಭಟ್ಟಿಯ ಅಂಚಿನಲ್ಲಿ ಮಲಗಿದವರ ಪ್ರಾಣ ತೆಗೆಯಬಲ್ಲದು.

ಕಿಡಿಯನ್ನು ಕಾಯುವ ಈ ಜಾಣ್ಮೆ ಮನೆಯ ಒಲೆಯಲ್ಲಿಯೂ ಇತ್ತು. ತೊಗರಿ ಬೆಳೆಯುವ ಈ ನಾಡಿನಲ್ಲಿ ರೊಟ್ಟಿ ಬೇಯಿಸಲು ತೊಗರಿ ಕಟ್ಟಿಗೆ ಧಾರಾಳವಾಗಿ ಸಿಗುತ್ತದೆಯಾದರೂ ಅದು ಭಗ್ಗನೆ ಉರಿದು ಬೇಗ ಬೂದಿಯಾಗುವಂಥದ್ದು. ಕೆಂಡವನ್ನು ಬೆಳಗಿನವರೆಗೆ ಉಳಿಸಬೇಕಾದಾಗ ನಿಧಾನವಾಗಿ ಕನಲುವ ಕುಳ್ಳಿನ ತುಂಡನ್ನು ಬೂದಿಯಲ್ಲಿ ಹುದುಗಿಸುವುದು ರೂಢಿ. ದೊಡ್ಡ ಬೆಂಕಿಯನ್ನು ಬೇಕೆಂದಾಗ ಎಬ್ಬಿಸಲು ಸಣ್ಣ ಬೆಂಕಿಯೊಂದನ್ನು ಸದಾ ಜೀವಂತವಾಗಿಡುವ ಇದೇ ಉಪಾಯವನ್ನು ಶೀತದೇಶಗಳ ಮನೆಗಳು ಅನಿಲದ ಕುಲುಮೆಯಲ್ಲಿ ಪೈಲಟ್ ಜ್ವಾಲೆಯೆಂಬ ಹೆಸರಿನಲ್ಲಿ ಬಳಸಿದವು. ಆ ಜ್ವಾಲೆಯ ಮುಂದೆ ಥರ್ಮೋಕಪಲ್ ಇರುತ್ತದೆ; ಎರಡು ಬೇರೆ ಲೋಹಗಳ ಬೆಸುಗೆ ಕಾದಾಗ ಅಲ್ಪ ವಿದ್ಯುತ್ತು ಹುಟ್ಟುತ್ತದೆಯೆಂದು ಸೀಬೆಕ್ 1821ರಲ್ಲಿ ಕಂಡುಕೊಂಡ ತತ್ತ್ವದ ಮೇಲೆ ನಡೆಯುವ ಈ ಉಪಕರಣವು ಜ್ವಾಲೆ ಇರುವವರೆಗೆ ಅನಿಲದ ಕವಾಟವನ್ನು ತೆರೆದಿಟ್ಟು, ಜ್ವಾಲೆ ಆರಿದೊಡನೆ ಮುಚ್ಚಿಬಿಡುತ್ತದೆ. ಅದರ ದೋಷಗಳೂ ಸುಣಗಾರರಿಗೆ ಪರಿಚಿತವಾಗಿದ್ದವುಗಳೇ: ಸಣ್ಣ ರಂಧ್ರದಲ್ಲಿ ಕಸ ಕಟ್ಟುವುದು, ಎದುರು ಗಾಳಿ ಬೀಸುವುದು, ಇಂಧನ ಸಾಲದೆ ಬರುವುದು. ಹೊಸತೆಂದರೆ ಕಾವಲು ಕಾಯುವ ಥರ್ಮೋಕಪಲ್ಲೇ ಕಪ್ಪುಗಟ್ಟಿ ಅಥವಾ ಸವೆದು ಸುಳ್ಳು ಹೇಳುವುದು.

ಸೀಮೆಯ ಬೆಂಕಿಯ ಸ್ವರೂಪವನ್ನೇ ಬದಲಿಸಿದ್ದು ರೈಲು. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರನ್ನು ಮುಟ್ಟಿದಾಗ ಶಹಾಬಾದ್ ಮತ್ತು ವಾಡಿ ಅದರ ದಾರಿಯಲ್ಲಿದ್ದವು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಹೋದ ಮೇಲೆ ಕಲ್ಲು ಹೊರಗೆ ಹೋಗುವ, ಕಲ್ಲಿದ್ದಲು ಒಳಗೆ ಬರುವ ದಾರಿ ತೆರೆಯಿತು. ಚಿಂಚೋಳಿಯ ಕೊಂಚಾವರಂ ಕಡೆಯ ಕಾಡಿನ ಕಟ್ಟಿಗೆಯ ಬಲದಿಂದ ಸಣ್ಣ ಭಟ್ಟಿಗಳು ನಡೆಯಬಹುದಾಗಿತ್ತೇ ಹೊರತು ಹಗಲಿರುಳು ಉರಿಯುವ ಕಾರ್ಖಾನೆಯಲ್ಲ. ಹೈದರಾಬಾದ್ ಸಂಸ್ಥಾನದ ಶಹಾಬಾದಿನಲ್ಲಿ ತಲೆಯೆತ್ತಿದ ಶಹಾಬಾದ್ ಸಿಮೆಂಟ್ ಕಂಪನಿಯು 1936ರಲ್ಲಿ ಹತ್ತು ಕಂಪನಿಗಳು ಕೂಡಿ ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್, ಅಂದರೆ ಎ.ಸಿ.ಸಿ., ಆದಾಗ ಅದರಲ್ಲಿ ಸೇರಿತು. ನಿಜಾಮರ ಆಳ್ವಿಕೆ, 1948ರ ವಿಲೀನ, 1956ರಲ್ಲಿ ಮೈಸೂರು ರಾಜ್ಯದೊಳಗಿನ ಸೇರ್ಪಡೆ ಎಂಬ ಮೂರು ಕಾಲಗಳನ್ನು ಕಂಡ ಕಾರ್ಖಾನೆಯದು.

ಸಿಮೆಂಟಿನ ಭಟ್ಟಿಯನ್ನು ಕಾರ್ಖಾನೆಯವರು ಕಿಲನ್ ಎನ್ನುತ್ತಾರೆ. ಇದು ತುಸು ಓರೆಯಾಗಿ ಮಲಗಿಸಿ ನಿಧಾನವಾಗಿ ತಿರುಗಿಸುವ ಉಕ್ಕಿನ ಉದ್ದ ಕೊಳವೆಯಾಗಿದ್ದು, ಒಳಮೈಗೆ ಬೆಂಕಿ ತಡೆಯುವ ಇಟ್ಟಿಗೆ ಕಟ್ಟಿರುತ್ತಾರೆ. ಒಂದು ತುದಿಯಿಂದ ಇಳಿಯುವ ಸುಣ್ಣಕಲ್ಲಿನ ಪುಡಿ ಇನ್ನೊಂದು ತುದಿಯ ಜ್ವಾಲೆಯ ಬಳಿ ಸುಮಾರು 1450 ಡಿಗ್ರಿಯಲ್ಲಿ ಅರೆಕರಗಿ ಕ್ಲಿಂಕರ್ ಎಂಬ ಕರಿ ಗುಂಡುಗಳಾಗುತ್ತದೆ. ತಣ್ಣಗಿರುವ ಕಿಲನ್ನಿಗೆ ಕಲ್ಲಿದ್ದಲಿನ ಪುಡಿಯನ್ನು ನೇರವಾಗಿ ಊದಿದರೆ ಅದು ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಹಿಂದೆ ಸೌದೆಯ ರಾಶಿಯಿಂದಲೂ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಪಂಜಿನಿಂದಲೂ, ಈಗ ಡೀಸೆಲ್ ಅಥವಾ ಅನಿಲದ ಪೈಲಟ್ ಬರ್ನರಿನಿಂದಲೂ ಮೊದಲು ಸಣ್ಣ ಜ್ವಾಲೆ ಎಬ್ಬಿಸಿ, ಇಟ್ಟಿಗೆ ಸಿಡಿಯದಂತೆ ಗಂಟೆಗಟ್ಟಲೆ ಮೆಲ್ಲಗೆ ಕಾಯಿಸುತ್ತಾರೆ. ಈ ಹಂತದಲ್ಲಿ ಜ್ವಾಲೆ ಆರಿ, ಅದನ್ನು ಗಮನಿಸದೆ ಪುಡಿ ಊದುತ್ತಲೇ ಇದ್ದರೆ ಉರಿಯದ ಕಲ್ಲಿದ್ದಲು ಒಳಗೆ ತುಂಬಿ, ಮರಳಿ ಕಿಡಿ ತಾಗಿದಾಗ ಸ್ಫೋಟವಾಗುತ್ತದೆ. ಮನೆಯಲ್ಲಿ ಅನಿಲ ತುಂಬಿದ ಮೇಲೆ ಬೆಂಕಿಕಡ್ಡಿ ಗೀರಿದಾಗ ಆಗುವ ಅನಾಹುತವೂ ಇದೇ ಬಗೆಯದು. ಆರಿದ ಮೇಲೆ ಮೊದಲು ಇಂಧನ ನಿಲ್ಲಿಸಿ, ಫ್ಯಾನಿನಿಂದ ಒಳಗಿನ ಅನಿಲವನ್ನೆಲ್ಲ ಹೊರದೂಡಿ, ಅನಂತರವೇ ಮತ್ತೆ ಹೊತ್ತಿಸಬೇಕೆಂಬ ನಿಯಮವು ಕಿಲನ್ನಿಗೂ ಬಾಯ್ಲರಿಗೂ ಮನೆಯ ಕುಲುಮೆಗೂ ಸಮಾನವಾಗಿದೆ.

ಬೆಂಕಿ ನಿಂತ ಕಿಲನ್ನಿಗೆ ಇನ್ನೊಂದು ಕಂಟಕವಿದೆ. ಕಾದ ಕೊಳವೆ ತಿರುಗದೆ ನಿಂತರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಹಾಗಾಗಿ ವಿದ್ಯುತ್ತು ಹೋದರೂ ಅದನ್ನು ಆಗಾಗ ಒಂದಿಷ್ಟು ತಿರುಗಿಸಲು ಪ್ರತ್ಯೇಕ ಎಂಜಿನ್ ಇಟ್ಟಿರುತ್ತಾರೆ, ಮತ್ತು ನಡುರಾತ್ರಿ ಕರೆಂಟು ಹೋದಾಗ ಪಾಳಿಯವರು ಮೊದಲು ಓಡುವುದು ಅದರ ಕಡೆಗೇ. ಜ್ವಾಲೆಯನ್ನು ಓದುವ ಕೆಲಸ ಬರ್ನರ್‌ಮನ್ ಎಂಬ ಕೆಲಸಗಾರನದಾಗಿತ್ತು. ನೀಲಿ ಗಾಜಿನ ಮೂಲಕ ಇಣುಕಿ, ಬಣ್ಣದಿಂದ ಶಾಖವನ್ನೂ, ಗುಂಡುಗಳು ಉರುಳುವ ರೀತಿಯಿಂದ ಬೆಂದ ಹದವನ್ನೂ ಅವನು ಹೇಳುತ್ತಿದ್ದ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚಿರುವುದರಿಂದ ಅದು ತಡವಾಗಿ ಹೊತ್ತುತ್ತದೆ, ಮಳೆಗಾಲದಲ್ಲಿ ನೆನೆದು ಬಂದರೆ ಇನ್ನೂ ತಡ. ಪುಡಿಯನ್ನು ಒಣಗಿಸಿ ನುಣ್ಣಗೆ ಅರೆಯುವುದು, ಬರ್ನರಿನ ಮೂತಿಗೆ ಕಟ್ಟಿದ ಕಿಟ್ಟವನ್ನು ತೆಗೆಯುವುದು, ಗಾಳಿಯನ್ನು ಹೊಂದಿಸುವುದು ಇವೇ ಅವನ ನಿತ್ಯದ ಮದ್ದುಗಳು. ಈಗ ಆ ಜಾಗದಲ್ಲಿ ಜ್ವಾಲೆಯ ಬೆಳಕನ್ನು ಗುರುತಿಸುವ ಸಂವೇದಕ ಮತ್ತು ಕ್ಯಾಮರಾ ಕೂತಿವೆ.

ಶಹಾಬಾದಿನ ಎ.ವಿ.ಬಿ., ಅಂದರೆ ಎ.ಸಿ.ಸಿ.-ವಿಕರ್ಸ್-ಬ್ಯಾಬ್‌ಕಾಕ್, ಕಾರ್ಖಾನೆಯು ಸಿಮೆಂಟ್ ಯಂತ್ರಗಳನ್ನು ಇಲ್ಲಿಯೇ ಕಟ್ಟತೊಡಗಿದ್ದರಿಂದ ಭಟ್ಟಿ ಉರಿಸುವ ಊರು ಭಟ್ಟಿ ಮಾಡುವ ಊರೂ ಆಯಿತು. 1968ರಲ್ಲಿ ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ, 1980ರ ದಶಕದಲ್ಲಿ ಮಳಖೇಡದ ರಾಜಶ್ರೀ ಮತ್ತು ಸೇಡಂನ ವಾಸವದತ್ತಾ, 2015ರಲ್ಲಿ ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯಂಟ್ ಎಂದು ಸಾಲು ಬೆಳೆಯಿತು. 2001ರಲ್ಲಿ ವಾಡಿಯ ಹೊಸ ಘಟಕವು ವರ್ಷಕ್ಕೆ 26 ಲಕ್ಷ ಟನ್ ಸಾಮರ್ಥ್ಯದೊಂದಿಗೆ ದೇಶದಲ್ಲೇ ದೊಡ್ಡದೆನಿಸಿತ್ತು. ಎಲ್ಲಕ್ಕೂ ಹಿರಿಯದಾದ ಶಹಾಬಾದಿನ ಸಿಮೆಂಟ್ ಕಾರ್ಖಾನೆ ಮಾತ್ರ ಕೈಬದಲಾಗಿ ಕೊನೆಗೆ ನಿಂತುಹೋಯಿತು.

ಈ ಕಾರ್ಖಾನೆಗಳ ಸಾಮರ್ಥ್ಯ, ಒಡೆತನ, ಮಾರಾಟಗಳ ಲೆಕ್ಕ ಬರಹಕ್ಕೆ ಸುಲಭವಾಗಿ ಬರುತ್ತದೆ. ಸುಣಗಾರರ ಮತ್ತು ಬರ್ನರ್‌ಮನ್ನರ ತಿಳಿವಳಿಕೆ ಹಾಗೆ ಬರುವುದಿಲ್ಲ. ಅದು ಕೈಯಿಂದ ಕೈಗೆ ಬಂದದ್ದಾಗಿದ್ದು, ಸಂವೇದಕಗಳ ಕಾಲದಲ್ಲಿ ಅದನ್ನು ಮುಂದಿನವರಿಗೆ ಕಲಿಸುವ ಅಗತ್ಯವೂ ಕಡಿಮೆಯಾಗಿದೆ. 1980ರಿಂದ ಕಲಬುರಗಿಯಲ್ಲಿರುವ ಗುಲ್ಬರ್ಗಾ ವಿಶ್ವವಿದ್ಯಾಲಯ ಮತ್ತು 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಗಳು ಶಹಾಬಾದ್, ವಾಡಿಗಳ ನಿವೃತ್ತ ಕೆಲಸಗಾರರ ಮತ್ತು ಹಳ್ಳಿಗಳ ಸುಣಗಾರ ಮನೆತನಗಳ ಹಿರಿಯರ ಮಾತುಗಳನ್ನು, ಅವರು ಬದುಕಿರುವಾಗಲೇ, ಕನ್ನಡದಲ್ಲಿ ಧ್ವನಿಮುದ್ರಿಸಿ ಬರಹಕ್ಕಿಳಿಸುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.