ಭಕ್ಷೀಸು: ಒಂದು ಹಳೆಯ ಪಾಠಕ್ಕೆ ತಿದ್ದುಪಡಿ

ನನ್ನ ಬಳಿ ಇಂಗ್ಲಿಷ್ ಕಲಿತವರಿಗೆ ಒಂದು ಕಥೆ ನೆನಪಿರಬಹುದು. ಹದಿನೆಂಟನೆಯ ಶತಮಾನದ ಲಂಡನ್ನಿನ ಕಾಫಿ ಮನೆಗಳಲ್ಲಿ ಒಂದು ಪೆಟ್ಟಿಗೆ ಇಟ್ಟಿರುತ್ತಿದ್ದರಂತೆ. ಅದರ ಮೇಲೆ 'ಟು ಇನ್ಶೂರ್ ಪ್ರಾಂಪ್ಟ್‌ನೆಸ್', ಅಂದರೆ 'ಸೇವೆ ಬೇಗ ದೊರೆಯಲೆಂದು', ಎಂದು ಬರೆದಿರುತ್ತಿತ್ತಂತೆ. ಆ ಮೂರು ಪದಗಳ ಮೊದಲಕ್ಷರಗಳು ಕೂಡಿ 'ಟಿಪ್' ಎಂಬ ಶಬ್ದ ಹುಟ್ಟಿತಂತೆ. ಈ ಕಥೆಯನ್ನು ನಾನು ವರ್ಷ ವರ್ಷವೂ ಬಹು ಉತ್ಸಾಹದಿಂದ ಹೇಳುತ್ತಿದ್ದೆ. ಅದು ಶುದ್ಧ ಕಟ್ಟುಕಥೆ. ಮೊದಲಕ್ಷರಗಳನ್ನು ಕೂಡಿಸಿ ಪದ ಮಾಡುವ ಅಭ್ಯಾಸ ಇಂಗ್ಲಿಷಿನಲ್ಲಿ ವ್ಯಾಪಕವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 'ಟಿಪ್' ಎಂಬುದು ಹದಿನೇಳನೆಯ ಶತಮಾನದ ಆರಂಭದ ಕಳ್ಳಕಾಕರ ಗುಪ್ತ ಭಾಷೆಯಲ್ಲಿ 'ಕೊಡು, ದಾಟಿಸು' ಎಂಬ ಅರ್ಥದಲ್ಲಿ ಬಳಕೆಯಲ್ಲಿತ್ತು. 1707ರ ಹೊತ್ತಿಗೆ ಜಾರ್ಜ್ ಫಾರ್ಕರ್‌ನ ನಾಟಕವೊಂದರಲ್ಲಿ ಅದು ಇಂದಿನ ಅರ್ಥದಲ್ಲಿಯೇ ಬಂದಿದೆ. ತಪ್ಪು ಪಾಠ ಹೇಳಿದ್ದಕ್ಕೆ ಕ್ಷಮೆ ಕೋರುತ್ತೇನೆ. ನಮ್ಮ 'ಭಕ್ಷೀಸು' ಪದದ ಪಾರಸಿ ಮೂಲಕ್ಕೆ 'ಕೊಡುವುದು', 'ಕ್ಷಮಿಸುವುದು' ಎಂಬ ಎರಡೂ ಅರ್ಥಗಳಿರುವುದರಿಂದ ಈ ಕೋರಿಕೆ ಸಂದರ್ಭಕ್ಕೆ ಒಪ್ಪುತ್ತದೆಂದು ಭಾವಿಸುತ್ತೇನೆ.

ಈ ವಿಷಯವನ್ನು ಕೆದಕಲು ಕಾರಣವಾದದ್ದು 2023ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಸಿಯಾಟಲ್‌ಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಪ್ರಸಂಗ. ಕಾಫಿ ಅಂಗಡಿಯೊಂದರ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತು ಮೂರು ಕಾಫಿ ಕೇಳಿದೆ. ಒಳಗಿದ್ದ ಹುಡುಗಿ ಹಣ ಪಡೆಯುವ ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು. ಅದರಲ್ಲಿ ಶೇಕಡಾ 18, 20, 25 ಎಂಬ ಮೂರು ದೊಡ್ಡ ಚೌಕಗಳು; ಕೆಳಗೆ ಚಿಕ್ಕ ಅಕ್ಷರಗಳಲ್ಲಿ 'ಟಿಪ್ ಬೇಡ'. ಕಾಫಿ ಇನ್ನೂ ಲೋಟಕ್ಕೆ ಬಿದ್ದಿರಲಿಲ್ಲ. ಸಕ್ಕರೆ ಹಾಕಿಕೊಳ್ಳುವವನೂ ನಾನೇ, ಲೋಟ ಎಸೆಯುವವನೂ ನಾನೇ. ಚಿಕ್ಕ ಅಕ್ಷರಗಳನ್ನೇ ಒತ್ತಿದೆ. ಆಕೆ ನಗುತ್ತಲೇ 'ಥ್ಯಾಂಕ್ಯೂ' ಎಂದಳು. ಹಿಂದೆ ನಿಂತಿದ್ದ ಅಳಿಯಂದಿರು ಮೆಲ್ಲಗೆ, "ಮಾವ, ಇಲ್ಲಿ ಎಲ್ಲರೂ ಏನಾದರೊಂದು ಒತ್ತುತ್ತಾರೆ" ಎಂದರು. ಮಗಳು, "ಕೌಂಟರಿನಲ್ಲಿ ಕೊಡಲೇಬೇಕು ಅಂತೇನಿಲ್ಲ. ಅಪ್ಪ ಮಾಡಿದ್ದು ಸರಿಯಾಗೇ ಇದೆ" ಎಂದಳು. ದಂಪತಿಗಳ ವಾದ ಮನೆ ತಲುಪುವವರೆಗೂ ಮುಂದುವರಿಯಿತು. ಮರುದಿನದಿಂದ ನಾನು ಅಲ್ಲಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗತೊಡಗಿದೆ.

ಓದುತ್ತ ಹೋದಂತೆ ತಿಳಿದದ್ದೇನೆಂದರೆ, ಇಂದು ಭಕ್ಷೀಸಿನ ತವರೆಂದು ಹೆಸರಾದ ಅಮೆರಿಕವೇ ಒಂದು ಕಾಲಕ್ಕೆ ಅದನ್ನು ಕಡುವಾಗಿ ದ್ವೇಷಿಸುತ್ತಿತ್ತು. ಅಂತರ್ಯುದ್ಧ (1861–65) ಮುಗಿದ ಮೇಲೆ ಯುರೋಪ್ ಪ್ರವಾಸ ಮಾಡಿ ಬಂದ ಶ್ರೀಮಂತರು ಈ ಪದ್ಧತಿಯನ್ನು ಹೊತ್ತು ತಂದರು. ಧಣಿ ಆಳಿಗೆ ಕಾಸು ಎಸೆಯುವುದು ಪ್ರಜಾಪ್ರಭುತ್ವಕ್ಕೆ ಹೇಳಿಸಿದ್ದಲ್ಲವೆಂದು ಅನೇಕರು ಆಕ್ಷೇಪಿಸಿದರು. ವಿಲಿಯಂ ಸ್ಕಾಟ್ ಎಂಬಾತ 1916ರಲ್ಲಿ 'ದ ಇಚಿಂಗ್ ಪಾಮ್', ಅಂದರೆ 'ತುರಿಸುವ ಅಂಗೈ', ಎಂಬ ಪುಸ್ತಕವನ್ನೇ ಬರೆದ. ಟಿಪ್ ಕೊಡುವುದನ್ನು ಕಾನೂನಿನ ಮೂಲಕ ಮೊದಲು ನಿಷೇಧಿಸಿದ ರಾಜ್ಯ ವಾಷಿಂಗ್ಟನ್, ವರ್ಷ 1909. ನಾನು ಸಂಕೋಚದಿಂದ ಗುಂಡಿ ಒತ್ತಿದ ಸಿಯಾಟಲ್ ಇರುವುದು ಅದೇ ರಾಜ್ಯದಲ್ಲಿ! ಇನ್ನೂ ಕೆಲವು ರಾಜ್ಯಗಳು ಅದನ್ನು ಅನುಸರಿಸಿದವು. ಜಾರಿಗೆ ತರುವುದು ಸಾಧ್ಯವಾಗದೆ 1926ರ ವೇಳೆಗೆ ಆ ಎಲ್ಲ ಕಾನೂನುಗಳೂ ಬಿದ್ದುಹೋದವು.

ಅದು ಬೇರೂರಿದ್ದಕ್ಕೆ ಒಂದು ಕರಾಳ ಕಾರಣವಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಹೋಟೆಲುಗಳೂ ರೈಲ್ವೆಗಳೂ ಅತ್ಯಲ್ಪ ಸಂಬಳಕ್ಕೆ ನೇಮಿಸಿಕೊಂಡು, ಉಳಿದದ್ದನ್ನು ಗಿರಾಕಿಗಳ ಔದಾರ್ಯಕ್ಕೆ ಬಿಟ್ಟವು. ಪುಲ್‌ಮನ್ ಕಂಪನಿಯ ಶಯನ ಬೋಗಿಗಳ ಪರಿಚಾರಕರು ಇದಕ್ಕೆ ಪ್ರಸಿದ್ಧ ಉದಾಹರಣೆ. ಅವರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನಾಯಕತ್ವದಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪನಿಯೊಡನೆ ಒಪ್ಪಂದಕ್ಕೆ ಬಂದರು. ಅವರು ಕೇಳಿದ್ದು ಹೆಚ್ಚು ಭಕ್ಷೀಸನ್ನಲ್ಲ, ಸರಿಯಾದ ಸಂಬಳವನ್ನು ಎಂಬುದನ್ನು ಗಮನಿಸಬೇಕು.

ಭಕ್ಷೀಸಿನ ಕಿರುಕುಳದಿಂದ ಪಾರಾಗಲು ಜನ ಇನ್ನೊಂದು ದಾರಿಯನ್ನೂ ಕಂಡುಕೊಂಡರು: ಬಡಿಸುವವನನ್ನೇ ತೆಗೆದುಬಿಡುವುದು. ಹಾರ್ನ್ ಮತ್ತು ಹಾರ್ಡಾರ್ಟ್ ಎಂಬ ಪಾಲುದಾರರು 1902ರಲ್ಲಿ ಫಿಲಡೆಲ್ಫಿಯಾದಲ್ಲಿ 'ಆಟೊಮ್ಯಾಟ್' ತೆರೆದರು. ಯಂತ್ರಗಳು ಜರ್ಮನಿಯಿಂದ ಬಂದಿದ್ದವು. ಗೋಡೆಯ ತುಂಬ ಗಾಜಿನ ಬಾಗಿಲಿನ ಪುಟ್ಟ ಪುಟ್ಟ ಗೂಡುಗಳು. ನಾಣ್ಯ ಹಾಕಿ ಗುಬುಟು ತಿರುಗಿಸಿದರೆ ಬಾಗಿಲು ತೆರೆದು ತಿಂಡಿ ಕೈಗೆ ಬರುತ್ತಿತ್ತು. 1912ರಲ್ಲಿ ನ್ಯೂಯಾರ್ಕಿನಲ್ಲಿಯೂ ಆರಂಭವಾಯಿತು. 1950ರವರೆಗೆ ಅಲ್ಲಿ ಕಾಫಿಗೆ ಐದು ಸೆಂಟು. ಗುಮಾಸ್ತನೂ ಧನಿಕನೂ ಒಂದೇ ಮೇಜಿನಲ್ಲಿ ಕೂರಬಹುದಾಗಿತ್ತು. ಯಾರಿಗೂ ಟಿಪ್ ಕೊಡಬೇಕಾಗಿರಲಿಲ್ಲ. ಕೊನೆಯ ಆಟೊಮ್ಯಾಟ್ 1991ರಲ್ಲಿ ಬಾಗಿಲು ಮುಚ್ಚಿತು. ಆದರೆ ಆ ಗೋಡೆಯ ಹಿಂದೆ ಖಾಲಿ ಗೂಡುಗಳನ್ನು ತುಂಬುವ ಕೈಗಳಿದ್ದವು, ಮುಂದೆ ಮೇಜು ಒರೆಸುವ ಕೈಗಳಿದ್ದವು. ಗಿರಾಕಿಯ ಕಣ್ಣಿಗೆ ಅವು ಬೀಳುತ್ತಿರಲಿಲ್ಲ, ಅಷ್ಟೆ.

ನಮ್ಮ ಬೆಂಗಳೂರು ಇಂಥದೇ ಮಾರ್ಗವನ್ನು ತನ್ನದೇ ರೀತಿಯಲ್ಲಿ ಹಿಡಿಯಿತು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ 'ಕೆಫೆ ದರ್ಶಿನಿ' ಆರಂಭಿಸಿದರು. ಗಲ್ಲಾದಲ್ಲಿ ಹಣ ಕೊಟ್ಟು ಟೋಕನ್ ಪಡೆದು, ತಾನೇ ತಟ್ಟೆ ತೆಗೆದುಕೊಂಡು, ನಿಂತೇ ತಿನ್ನುವುದು. ಮಾಣಿ ಇಲ್ಲ, ಆದ್ದರಿಂದ ಭಕ್ಷೀಸಿನ ಪ್ರಶ್ನೆಯೂ ಇಲ್ಲ. ಇಡ್ಲಿ–ವಡೆ ಕಡಿಮೆ ಬೆಲೆಗೆ ಸಿಗಲು ಈ ವ್ಯವಸ್ಥೆಯೂ ಒಂದು ಕಾರಣ.

ಇನ್ನು ಅಮೆರಿಕದ ಕೌಂಟರಿನ ಶಿಷ್ಟಾಚಾರಕ್ಕೆ ಬರೋಣ. ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ನನ್ನ ವಯಸ್ಸಿನವರಿಗೆ ಇದು ಉಪಯೋಗಕ್ಕೆ ಬಂದೀತು. ಮೇಜಿಗೆ ತಂದು ಬಡಿಸುವ ಕಡೆ ಶೇಕಡಾ 15ರಿಂದ 20 ಕೊಡುವುದು ವಾಡಿಕೆ, ತಪ್ಪಿಸಬಾರದು. ಏಕೆಂದರೆ ಟಿಪ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ನಗದು ಕೂಲಿ, ಕೇಂದ್ರ ಕಾನೂನಿನ ಪ್ರಕಾರ, 1991ರಿಂದಲೂ ಗಂಟೆಗೆ ಕೇವಲ 2.13 ಡಾಲರ್. ಉಳಿದದ್ದು ಗಿರಾಕಿಯ ಕೈಯಿಂದ ಬರಬೇಕು. ಕೌಂಟರಿನಲ್ಲಿ, ಸ್ವಸಹಾಯ ಪದ್ಧತಿಯಲ್ಲಿ ಅಂಥ ಕಟ್ಟುಪಾಡಿಲ್ಲ. ವಿಶೇಷ ಸಹಾಯ ಮಾಡಿದರೆ ಕೊಡುವುದು ಸೌಜನ್ಯ. ವಾಷಿಂಗ್ಟನ್ ರಾಜ್ಯದಲ್ಲಂತೂ ಟಿಪ್ ಸೇರಿಸದೆಯೇ ಪೂರ್ಣ ಕನಿಷ್ಠ ವೇತನ ಕೊಡಬೇಕೆಂಬ ನಿಯಮವಿದೆ. ಪ್ಯೂ ಸಂಶೋಧನಾ ಕೇಂದ್ರವು 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಕುಳಿತು ಊಟ ಮಾಡುವ ಕಡೆ ಯಾವಾಗಲೂ ಅಥವಾ ಹೆಚ್ಚಾಗಿ ಟಿಪ್ ಕೊಡುತ್ತೇವೆಂದವರು ಶೇಕಡಾ 92. ಕಾಫಿ ಅಂಗಡಿಯಲ್ಲಿ ಶೇಕಡಾ 25 ಮಾತ್ರ. ಐದು ವರ್ಷಗಳ ಹಿಂದಿಗಿಂತ ಹೆಚ್ಚು ಕಡೆಗಳಲ್ಲಿ ಟಿಪ್ ನಿರೀಕ್ಷಿಸುತ್ತಿದ್ದಾರೆಂದು ಶೇಕಡಾ 72 ಮಂದಿ ಹೇಳಿದರು. ಅಂದರೆ ಲೆಕ್ಕಾಚಾರದಲ್ಲಿ ಮಗಳೇ ಗೆದ್ದಳು. ನಮ್ಮ ದೇಶದಲ್ಲಿಯೂ ಬಿಲ್ಲಿನೊಳಗೆ ತಾನಾಗಿ ಸೇವಾ ಶುಲ್ಕ ಸೇರಿಸಕೂಡದೆಂದು 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಇಷ್ಟೆಲ್ಲ ಓದಿದ ಮೇಲೂ ನನ್ನ ಮನಸ್ಸು ಹಗುರಾಗಲಿಲ್ಲ. ಅದಕ್ಕೆ ಕಾರಣ ಸಿಯಾಟಲ್‌ನಲ್ಲಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎಪ್ಪತ್ತರ ದಶಕದಲ್ಲಿ, ಏಳನೆಯ ತರಗತಿಯ ಹುಡುಗನೊಬ್ಬ ದಿನವೂ ಬೆಳಗಿನ ಮೊದಲ ಪಾಠದಲ್ಲಿಯೇ ತೂಕಡಿಸುತ್ತಿದ್ದ. ಬೆಂಚಿನ ಮೇಲೆ ನಿಲ್ಲಿಸಿದೆ. ಒಮ್ಮೆ ಬೆತ್ತವನ್ನೂ ಬಳಸಿದೆ. ಒಂದು ರಾತ್ರಿ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಸಹೋದ್ಯೋಗಿಯೊಬ್ಬರೊಡನೆ ದೋಸೆ ತಿನ್ನುತ್ತಿದ್ದೆ. ಮೇಜು ಒರೆಸಲು ಬಂದ ಕ್ಲೀನರ್ ಅವನೇ. ನನ್ನನ್ನು ಕಂಡು, "ಸಾರ್..." ಎಂದವನು ಮುಂದೆ ಮಾತಾಡದೆ ಎಂಜಲು ತಟ್ಟೆಗಳನ್ನು ಬಕೆಟ್ಟಿಗೆ ತುಂಬಿಕೊಂಡ. ಹೋಟೆಲು ಮುಚ್ಚುವಾಗ ಹನ್ನೊಂದು ಗಂಟೆಯಾಗುತ್ತಿತ್ತೆಂಬುದು ನನಗೆ ಗೊತ್ತಿತ್ತು. ಪಶ್ಚಾತ್ತಾಪದಿಂದ, ಎಂದಿಗಿಂತ ಹೆಚ್ಚಾಗಿ, ಒಂದು ರೂಪಾಯಿಯನ್ನು ಸೋಂಪಿನ ತಟ್ಟೆಯಲ್ಲಿಟ್ಟು ಎದ್ದೆ. ಬಾಗಿಲಲ್ಲಿ ತಿರುಗಿ ನೋಡಿದರೆ ಮಾಣಿ ಬಂದು ಅದನ್ನು ಜೇಬಿಗೆ ಹಾಕಿಕೊಂಡ. ಅವನದೇನೂ ತಪ್ಪಿಲ್ಲ, ಅಲ್ಲಿನ ರೂಢಿಯಂತೆ ಅದು ಅವನದೇ. ಹುಡುಗ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ. ನಾನು ಹಿಂದಿರುಗಿ ಹೋಗಿ ಅವನ ಕೈಗೆ ಕೊಡಬಹುದಾಗಿತ್ತು. ಸಹೋದ್ಯೋಗಿಯ ಎದುರು ನಾಚಿಕೆಯಾಯಿತು, ಹೋಗಲಿಲ್ಲ. ಮರುದಿನದಿಂದ ಅವನನ್ನು ಎಬ್ಬಿಸುವುದನ್ನು ಬಿಟ್ಟೆ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ.

ತಂದುಕೊಡುವ ಕೈಗೆ ಭಕ್ಷೀಸು ಸಿಗುತ್ತದೆ, ಒರೆಸುವ ಕೈಗೆ ಸಿಗುವುದಿಲ್ಲ. ಆಟೊಮ್ಯಾಟ್‌ನಲ್ಲಿ, ದರ್ಶಿನಿಯಲ್ಲಿ ತಂದುಕೊಡುವವನು ಮಾಯವಾದ; ಒರೆಸುವವನು ಇದ್ದೇ ಇದ್ದಾನೆ. ಅವನಿಗೆ ಸಲ್ಲಬೇಕಾದದ್ದು ಸರಿಯಾದ ಸಂಬಳ. ಅದು ನನ್ನ ಚಿಲ್ಲರೆಯಿಂದ ಆಗುವ ಕೆಲಸವಲ್ಲವೆಂದು ಬಲ್ಲೆ. ಆದರೂ ಈಗ ಬೆಳಗಿನ ವಾಯುವಿಹಾರದ ನಂತರ ಹೋಗುವ ದರ್ಶಿನಿಯಲ್ಲಿ ತಟ್ಟೆ–ಲೋಟಗಳನ್ನು ನಾನೇ ತೊಟ್ಟಿಯವರೆಗೆ ಒಯ್ದು ಇಡುತ್ತೇನೆ; ಮೇಜು ಒರೆಸುವಾತನ ಹೆಸರು ಕೇಳಿಕೊಂಡಿದ್ದೇನೆ; ದೀಪಾವಳಿಗೆ, ಯುಗಾದಿಗೆ ಕೊಡುವುದನ್ನು ಅವರ ಕೈಗೇ ಕೊಡುತ್ತೇನೆ.

ಆ ವರ್ಷದ ಏಳನೆಯ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೊನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ಆ ಹುಡುಗ ಈಗ ಎಲ್ಲಿದ್ದಾನೆಂದು ತಿಳಿದಿದ್ದರೆ, ದಯಮಾಡಿ ನನಗೊಂದು ಮಾತು ಬರೆಯಿರಿ. ಅವನಿಗೂ ಈಗ ಅರವತ್ತು ದಾಟಿರಬೇಕು.